ಮೂವತ್ತೆರಡು ತೊಲೆ ಗ್ಯಾಸು

ಆ ಮಳೆಗಾಲ ನಮ್ಮ ಮನೆಯಲ್ಲಿ ಬೆಳಕಿಗೂ ಪಾಳಿ ಹಚ್ಚಿದ್ದರು. ಯುದ್ಧ ದೂರದಲ್ಲೆಲ್ಲೋ ನಡೆದಿತ್ತು. ನಮ್ಮ ಪಾಲಿಗೆ ಅದು ನಡೆದದ್ದು ಸೀಮೆಎಣ್ಣೆಯ ಡಬ್ಬಿಯ ತಳದಲ್ಲಿ. ಪುಣೆಯ ಹಳೆಯ ಪೇಠೆಯ ಒಂದು ವಾಡೆಯಲ್ಲಿ, ಮಾಲೀಕರ ಮನೆಯ ಹಿಂಬದಿಗೆ, ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ನಿಂತ ಮೂರು ಕೋಣೆಗಳು ನಮ್ಮವು. ಮುಂದಿನದಕ್ಕೆ ಓಣಿ ಕಾಣುವ ಕಿಟಕಿ ಇತ್ತು. ಹಿಂದಿನ ಅಡಿಗೆಮನೆಗೆ ನೀರಿನ ಕಟ್ಟೆಯತ್ತ ತೆರೆಯುವ ಬಾಗಿಲಿತ್ತು. ನಡುಮನೆಗೆ ಮಾತ್ರ ಏನೂ ಇರಲಿಲ್ಲ. ಅಲ್ಲಿ ಹಾಡುಹಗಲೇ ಒಬ್ಬರನ್ನೊಬ್ಬರು ಕೆಮ್ಮಿನಿಂದ ಗುರುತಿಸಬೇಕಾಗುತ್ತಿತ್ತು. ವಿದ್ಯುತ್ತಿನ ತಂತಿ ಓಣಿಯ ಮೂಲೆಯವರೆಗೆ ಬಂದಿತ್ತು, ಆದರೆ ನಮ್ಮ ಮಾಲೀಕ ನಾನಾ ಅವರ ಮುಖ ನೋಡಿ ಅಲ್ಲೇ ನಿಂತುಬಿಟ್ಟಿತ್ತು. ಇದ್ದವು ಎರಡು ಕಂದೀಲು. ಒಂದು ಅಡಿಗೆಮನೆಯಲ್ಲಿ ಅವ್ವನ ಹತ್ತಿರ, ಇನ್ನೊಂದು ಮುಂದಿನ ಕೋಣೆಯಲ್ಲಿ ಕಚೇರಿಯ ಕಾಗದ ಮನೆಗೆ ಹೊತ್ತು ತರುತ್ತಿದ್ದ ಅಪ್ಪನ ಹತ್ತಿರ. ಎಣ್ಣೆ ಹೇರಳವಾಗಿ ಸಿಗುತ್ತಿದ್ದಾಗ ನಡುಮನೆಗೂ ಒಂದು ಚಿಮಣಿ ದೀಪ ಇತ್ತು. ಈಗ ಅದನ್ನು ತೊಳೆದು, ಒರೆಸಿ, ಕಪಾಟಿನ ಮೇಲೆ ಬೋರಲು ಹಾಕಿದ್ದರು. ಆ ಕತ್ತಲೆಯ ನಡುಮನೆ ನನ್ನ ಅಜ್ಜಿಯದು.

ಅಜ್ಜಿ ಅಪ್ಪನ ತಾಯಿ. ಧಾರವಾಡದಿಂದ ಬರುವಾಗ ಒಂದು ತಗಡಿನ ಟ್ರಂಕು, ಒಂದು ಸಾಣೆಕಲ್ಲು ಮತ್ತು ಕೆಂಪು ರಟ್ಟಿನ ಒಂದು ದಪ್ಪ ಪುರಾಣದ ಪುಸ್ತಕ ತಂದಿದ್ದಳು. ಓದು ಬಲ್ಲ ಹೆಂಗಸು. ಹೊರಗೆ ಎಲ್ಲರೂ ಮರಾಠಿ ಮಾತನಾಡುವ ಈ ಊರಿನಲ್ಲಿ ಆಕೆಗೆ ತರಕಾರಿಯವಳ ಜೊತೆ ಜಗಳವಾಡುವಷ್ಟೂ ಭಾಷೆ ಬರುತ್ತಿರಲಿಲ್ಲ, ಅದರಿಂದ ಆ ಸಿಟ್ಟೆಲ್ಲ ಮನೆಯಲ್ಲೇ ಖರ್ಚಾಗಬೇಕಾಗುತ್ತಿತ್ತು. ದಿನಾ ಸಂಜೆ ಆ ಪುಸ್ತಕದಲ್ಲಿ ಒಂದು ಪುಟವನ್ನಾದರೂ ತಾನೇ ಓದಿದರೇ ಆಕೆಗೆ ಊಟ ರುಚಿಸುವುದು. ಮರಾಠಿ ಶಾಲೆಯಲ್ಲಿ ಕಲಿತ ನಾನು ಕನ್ನಡದ ಅಕ್ಷರ ಕಲಿತದ್ದು ಆ ಪುಸ್ತಕದ ಮೇಲೆ ಆಕೆಯ ಬೆರಳು ಹಿಂಬಾಲಿಸಿ. ಹಾಗಾಗಿ ಎಷ್ಟೋ ವರ್ಷ, ಕನ್ನಡದಲ್ಲಿ ಬರೀ ರಾಕ್ಷಸರು ಮತ್ತು ಋಷಿಗಳೇ ಇರುತ್ತಾರೆಂದು ತಿಳಿದಿದ್ದೆ. ಆ ವರ್ಷ ಆಕೆಯ ಕಣ್ಣಿಗೆ ಮಂಜು ಕವಿಯತೊಡಗಿತ್ತು. ಅದನ್ನು ಆಕೆ ಒಪ್ಪುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲ ತನಕ ಬಂದು ಕಂದೀಲಿನ ಬೆಳಕಿಗೆ ಪುಸ್ತಕ ವಾರೆ ಮಾಡಿ ಹಿಡಿದು, ಅಚ್ಚು ಹಾಕಿದವನನ್ನು ಬೈಯುತ್ತಿದ್ದಳು.

ಇನ್ನು ಅವ್ವ. ಅವ್ವ ಬೆಳಗಾವಿ ಕಡೆಯ ಹೆಣ್ಣು. ಆಕೆಯ ತವರಿನಲ್ಲಿ ಉಳ್ಳಾಗಡ್ಡಿಗೂ ಬೆಳ್ಳುಳ್ಳಿಗೂ ಬಾಗಿಲು ತೆರೆದಿತ್ತು. ನಮ್ಮ ಮನೆಯಲ್ಲಿ ಅವೆರಡರ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕು. ಮದುವೆಯಾಗಿ ಬಂದ ದಿನವೇ ಅವ್ವ ಅವನ್ನು ಬಿಟ್ಟಳು, ಮತ್ತೆ ಮುಟ್ಟಲಿಲ್ಲ. ಆದರೆ ಅಜ್ಜಿಯ ಮನಸ್ಸಿನಲ್ಲಿ ಆ ಕೇಸು ಯಾವಾಗಲೂ ನಡೆಯುತ್ತಲೇ ಇತ್ತು. ಸಾರಿನಲ್ಲಿ ಇಂಗು ತುಸು ಜಾಸ್ತಿಯಾದರೂ ಅಜ್ಜಿ ತಾಟಿನ ಮುಂದೆ ಮೂಗು ಎತ್ತಿ ಕೂಡುತ್ತಿದ್ದಳು.

"ಸೀತಾ, ಇದು ಇಂಗ ಹೌದಲ್ಲ?"

"ಹೌದ್ರಿ ಅತ್ತಿ."

"ಹಂಗಾರ ಚಲೋ ಆತು."

ಇಷ್ಟೇ ಮಾತು. ಆದರೆ ಅವ್ವ ಆ ಹೊತ್ತಿಗೆ ಎರಡು ತುತ್ತು ಕಡಿಮೆ ಉಣ್ಣುತ್ತಿದ್ದಳು. ನನಗೆ ಆಗ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ತಮಾಷೆಯಾಗಿ ಕಾಣದ ವಸ್ತು ನನಗೆ ಆ ವಯಸ್ಸಿನಲ್ಲಿ ಒಂದೂ ಇರಲಿಲ್ಲ, ನನ್ನ ಮಾರ್ಕುಗಳೂ ಸೇರಿ.

ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಇದು ಓಣಿಗೆಲ್ಲ ಗೊತ್ತಿತ್ತು, ಕಾಲೇಜಿಗೆ ಮಾತ್ರ ಅಷ್ಟಾಗಿ ಗೊತ್ತಿರಲಿಲ್ಲ. ರಸಾಯನಶಾಸ್ತ್ರದ ಪ್ರಯೋಗದ ದಿನ ನಾನು ಜಾಣ ಹುಡುಗನೊಬ್ಬನ ಪಕ್ಕ ನಿಂತು, ಅವನು ತೂಗಿದ್ದನ್ನು ನನ್ನ ಕಣ್ಣಿನಲ್ಲಿ ತೂಗಿ, ಅವನು ಬರೆದದ್ದನ್ನು ನನ್ನ ಕೈಯಲ್ಲಿ ಬರೆಯುತ್ತಿದ್ದೆ. ಹಾಗಿದ್ದವನಿಗೆ ಒಂದು ದಿನ ಒಂದು ಲೆಕ್ಕ ಅರ್ಥವಾಗಿಬಿಟ್ಟಿತು. ಅದೇ ಆದ ಅನಾಹುತ. ಪ್ರೊಫೆಸರರು ಬೋರ್ಡಿನ ಮೇಲೆ ಬರೆದರು: ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೇರಿದರೆ ಅಸಿಟಿಲಿನ್ ಗ್ಯಾಸು ಹುಟ್ಟುತ್ತದೆ, ತಳದಲ್ಲಿ ಸುಣ್ಣ ಉಳಿಯುತ್ತದೆ. ಅರವತ್ತನಾಲ್ಕು ಗ್ರಾಂ ಕಾರ್ಬೈಡಿಗೆ ಇಪ್ಪತ್ತೆರಡು ಚಿಲ್ಲರೆ ಲೀಟರು ಗ್ಯಾಸು, ಒಂದು ಹನಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಇದು ಸೊನ್ನೆ ಡಿಗ್ರಿಯ ಚಳಿಯಲ್ಲಿ ಸಿಗುವ ಲೆಕ್ಕ, ಸೆಕೆ ಇದ್ದ ಕಡೆ ಗ್ಯಾಸು ಹಿಗ್ಗುತ್ತದೆ, ಅದಕ್ಕೆ ತಿದ್ದುಪಡಿ ಮಾಡಬೇಕು ಎಂದೂ ಹೇಳಿದರಂತೆ. ಆ ಹೊತ್ತಿಗೆ ನಾನು ಕಿಟಕಿಯಾಚೆ ಮಾವಿನ ಮರದಲ್ಲಿ ಎರಡು ಕಾಗೆಗಳ ಸಂಸಾರ ನೋಡುತ್ತಿದ್ದೆ. ಮತ್ತೆ ಬೋರ್ಡಿನತ್ತ ತಿರುಗಿದಾಗ ಅವರು, ಈ ಗ್ಯಾಸು ಹಾಲಿನಂತೆ ಬೆಳ್ಳಗೆ ಉರಿಯುತ್ತದೆ, ಮದುವೆಯ ಮೆರವಣಿಗೆಯ ದೀಪದಲ್ಲಿ ಇರುವುದು ಇದೇ ಎಂದರು. ನನ್ನ ಕಣ್ಣಿಗೆ ನಡುಮನೆ ಕಂಡಿತು. ಕೆಂಪು ರಟ್ಟಿನ ಪುಸ್ತಕ ಕಂಡಿತು.

ಮನೆಗೆ ಬರುವಷ್ಟರಲ್ಲಿ ಯೋಜನೆ ಸಿದ್ಧ. ದೊಡ್ಡ ಹಂಡೆಯಲ್ಲಿ ನೀರು. ಅದರಲ್ಲಿ ಬೋರಲಾಗಿ ಮುಳುಗಿಸಿದ ಕಬ್ಬಿಣದ ಬಕೀಟು. ಬಕೀಟಿನ ಕೆಳಗೆ ಅರಿವೆಯ ಗಂಟಿನಲ್ಲಿ ಕಾರ್ಬೈಡು. ಗ್ಯಾಸು ಹುಟ್ಟಿದಂತೆ ಬಕೀಟು ತುಂಬಿ ಮೇಲೇಳಬೇಕು, ಅದರ ತಳಕ್ಕೆ ಬೆಸುಗೆ ಹಾಕಿಸಿದ ನಳಿಕೆಯಿಂದ ಸೈಕಲ್ಲಿನ ರಬ್ಬರು ಕೊಳವೆಯೊಳಗೆ ಹರಿದು, ಗೆಳೆಯನೊಬ್ಬ ಕೊಟ್ಟ ಹಳೆಯ ಮೋಟಾರಿನ ಗ್ಯಾಸುದೀಪದ ಮೂತಿಯಲ್ಲಿ ಉರಿಯಬೇಕು. ಆ ಮೂತಿ ತಾಸಿಗೆ ಇಪ್ಪತ್ತೆರಡು ಲೀಟರು ಕುಡಿಯುತ್ತದೆಂದು ಗೆಳೆಯ ಹೇಳಿದ್ದ. ಅಜ್ಜಿಯ ಒಂದು ಅಧ್ಯಾಯಕ್ಕೆ ಅರ್ಧ ತಾಸು ಸಾಕು. ಅರ್ಧ ತಾಸಿಗೆ ಹನ್ನೊಂದು ಲೀಟರು, ನಮ್ಮ ಬಕೀಟು ಅದಕ್ಕೆ ಸಾಕಾಗಿ ಮಿಗುತ್ತಿತ್ತು. ಹನ್ನೊಂದು ಲೀಟರಿಗೆ ಅರವತ್ತನಾಲ್ಕರಲ್ಲಿ ಅರ್ಧ, ಎಂದರೆ ಮೂವತ್ತೆರಡು. ಮರೆಯದಿರಲೆಂದು ಅಂಗೈ ಮೇಲೆ ಶಾಯಿಯಿಂದ 32 ಎಂದು ಬರೆದುಕೊಂಡೆ. ನ್ಯೂಟನ್ನನ ತಲೆಯ ಮೇಲೆ ಸೇಬು ಬಿದ್ದ ದಿನ ಅವನ ಮುಖ ಹೇಗಿದ್ದಿರಬಹುದೆಂದು ಯೋಚಿಸಿ, ಹಾಗೆ ಮುಖ ಮಾಡಿಕೊಂಡು ಅಂಗಡಿಗೆ ಹೊರಟೆ.

ಸೈಕಲ್ ಅಂಗಡಿಯವ, ಸೈಕಲ್ಲಿನ ಗ್ಯಾಸುದೀಪಕ್ಕೆಂದು ಇಟ್ಟಿದ್ದ ಕಾರ್ಬೈಡಿನ ಡಬ್ಬಿಯ ಮುಚ್ಚಳ ತೆಗೆದು, ತಕ್ಕಡಿ ಎತ್ತಿ, "ಕಿತೀ?" ಎಂದ. ಎಷ್ಟು ಬೇಕು ಎಂದು. ನಾನು ಅಂಗೈ ನೋಡಿಕೊಂಡೆ. ಅಂಗೈ ಮೇಲೆ ಸಂಖ್ಯೆ ಇತ್ತು, ಅಳತೆ ಇರಲಿಲ್ಲ. ನಾನು ಹುಟ್ಟಿದಂದಿನಿಂದ ತಕ್ಕಡಿಯ ಮುಂದೆ ನಿಂತು ಕೇಳಿದ ಮಾತು ಒಂದೇ. ಬೆಳ್ಳಿ ತೊಲೆಯಲ್ಲಿ, ಕೇಸರಿ ತೊಲೆಯಲ್ಲಿ, ಅಜ್ಜಿಯ ನಶ್ಯವೂ ತೊಲೆಯಲ್ಲಿ.

"ಬತ್ತೀಸ ತೋಳೆ," ಎಂದೆ, ಮರಾಠಿಯಲ್ಲಿ ಠೀವಿಯಿಂದ. ಮೂವತ್ತೆರಡು ತೊಲೆ.

ಅವನು ಒಮ್ಮೆ ನನ್ನ ಮೀಸೆ ಇರಬೇಕಾದ ಜಾಗ ನೋಡಿ, ಲಗ್ನ ಯಾರದು ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಕ್ಕೆವು.

ಅದು ಚಾತುರ್ಮಾಸದ ಮೊದಲ ತಿಂಗಳು. ನಮ್ಮಲ್ಲಿ ಆ ನಾಲ್ಕು ತಿಂಗಳು ಒಂದೊಂದು ತಿಂಗಳು ಒಂದೊಂದು ವಸ್ತು ಬಿಡುವ ವ್ರತ. ಮೊದಲನೆಯದರಲ್ಲಿ ಕಾಯಿಪಲ್ಯವೇ ಇಲ್ಲ. ಬದನೆಕಾಯಿಗೂ ಪ್ರವೇಶವಿಲ್ಲದ ದಿನಗಳು ಎಂದ ಮೇಲೆ ಮಿಕ್ಕದ್ದು ಊಹಿಸಿ. ಸಂಜೆ ಅಜ್ಜಿ ನಡುಮನೆಯಲ್ಲಿ ಜಪಕ್ಕೆ ಕುಳಿತಿದ್ದಳು, ಅವ್ವ ಒಲೆಯ ಮುಂದೆ ಇದ್ದಳು. ನಾನು ನೀರಿನ ಕಟ್ಟೆಯ ಹತ್ತಿರ, ತಗಡಿನ ಮಾಡಿನ ಕೆಳಗೆ ಹಂಡೆ ಇಟ್ಟು, ಬಕೀಟು ಅಲ್ಲಾಡಬಾರದೆಂದು ಅದರ ಮೇಲೆ ಅವ್ವನ ಅರೆಯುವ ಗುಂಡುಕಲ್ಲು ಕೂಡಿಸಿ, ಗಂಟನ್ನು ಕೆಳಗೆ ತಳ್ಳಿದೆ.

ಮೊದಲು ಗುಳುಗುಳು ಎಂದಿತು. ಸಂತೋಷವಾಯಿತು. ಬಕೀಟು ನಿಧಾನವಾಗಿ ಮೇಲೆದ್ದಿತು, ಅಂಬಾರಿಯಲ್ಲಿ ಕುಳಿತ ರಾಜನಂತೆ ಗುಂಡುಕಲ್ಲು ತೂಗುತ್ತ ಬಂತು. ನಾನು ಕೈಮುಗಿಯುವುದೊಂದು ಬಾಕಿ. ಆಮೇಲೆ ರಾಜ ವಾಲಿದ. ಬಕೀಟಿನ ಅಂಚಿನಿಂದ ನೀರು ಕೊತಕೊತ ಕುದಿದಂತೆ ಉಕ್ಕತೊಡಗಿತು, ಗುಂಡುಕಲ್ಲು ದಡ್ಡನೆ ಕಟ್ಟೆಗೆ ಬಿದ್ದು ಉರುಳಿತು, ಹಂಡೆಯೊಳಗಿನಿಂದ ಬೂದಿ ಬಣ್ಣದ ನೊರೆ ನನ್ನ ಪಾದದ ಮೇಲೆ ಬಂತು. ಗ್ಯಾಸು ನಿಲ್ಲಲೇ ಇಲ್ಲ. ಒಂದು ಬಕೀಟಿನ ಬದಲು ವಾಡೆಯ ಎಲ್ಲ ಬಕೀಟು ತಂದಿದ್ದರೂ ತುಂಬುತ್ತಿತ್ತೇನೋ. ಜೊತೆಗೆ ಒಂದು ವಾಸನೆ ಎದ್ದಿತು, ಅದು ಪಾಠದಲ್ಲಿ ಇರಲಿಲ್ಲ. ಅಥವಾ ಆ ಹೊತ್ತಿಗೂ ನಾನು ಕಾಗೆಗಳನ್ನೇ ನೋಡುತ್ತಿದ್ದೆನೋ ಏನೋ. ಹಸಿ ಬೆಳ್ಳುಳ್ಳಿಯ ಒಂದು ಮೂಟೆಯನ್ನು ಜಜ್ಜಿ ಮುಖಕ್ಕೆ ಒತ್ತಿದಂಥ ವಾಸನೆ. ಒಂದು ಕ್ಷಣ ನಿಂತೆ. ಆಮೇಲೆ ಈ ಗ್ಯಾಸಿಗೆ ಕಿಡಿ ತಾಗಿದರೆ ಏನಾಗುತ್ತದೆ ಎಂಬ ಒಂದೇ ಒಂದು ಸಾಲು ಪುಸ್ತಕದಿಂದ ನೆನಪಾಗಿ, ನನ್ನ ಪ್ರಾಣ ಹಾರಿತು.

"ಒಲಿ ಆರಸ್ರಿ, ಎಲ್ಲಾರೂ ಒಲಿ ಆರಸ್ರಿ," ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಕೂಗುತ್ತ ವಾಡೆಯ ತುಂಬ ಓಡಿದೆ. ಅವ್ವ ಬೇಯುತ್ತಿದ್ದ ಅನ್ನದ ಕೆಳಗೆ ನೀರು ಸುರಿದಳು. ಅಪ್ಪ ಕಂದೀಲು ಊದಿದ. ನಾನಾ ಅವರ ಮನೆಯಲ್ಲಿ ಭಾಕರಿಯ ಹೆಂಚು ಕೆಳಗಿಳಿಯಿತು. ಇಡೀ ವಾಡೆ ಕತ್ತಲೆಯಲ್ಲಿ, ಅರೆಬೆಂದ ಅನ್ನದೊಂದಿಗೆ, ಬೆಳ್ಳುಳ್ಳಿಯ ವಾಸನೆಯೊಳಗೆ ಕುಳಿತಿತು. ಬೆಳಕು ಕೊಡುತ್ತೇನೆಂದು ಹೊರಟವನು ಇದ್ದ ಬೆಳಕನ್ನೆಲ್ಲ ಆರಿಸಿ ಬಂದಿದ್ದೆ.

ನಾನಾ ಕೊಡೆ ಹಿಡಿದು ನಮ್ಮ ಹಿಂಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ನಾಲಿಗೆಗೆ ಮೆಣಸು ಹಚ್ಚಿಕೊಂಡೇ ಹುಟ್ಟಿದವರು. ಮೂಗಿಗೆ ಧೋತರದ ಚುಂಗು ಹಿಡಿದು ಅವ್ವನಿಗೆ ಕೇಳುವಂತೆ ಅಂದರು:

"ಅಹೋ ವಹಿನೀ, ಲಸೂಣ ಕಿತೀ ಟಾಕಲಾ?"

ಅತ್ತಿಗೆಯವರೇ, ಬೆಳ್ಳುಳ್ಳಿ ಎಷ್ಟು ಹಾಕಿದಿರಿ ಎಂದು. ತಮಾಷೆಗೆ ಅಂದದ್ದು. ಆದರೆ ಅಜ್ಜಿಗೆ ಮರಾಠಿಯಲ್ಲಿ ಚೆನ್ನಾಗಿ ಗೊತ್ತಿದ್ದ ಕೆಲವೇ ಶಬ್ದಗಳಲ್ಲಿ ಲಸೂಣ ಒಂದು. ಪೇಟೆಯಲ್ಲಿ ದೂರವಿಡಬೇಕಾದ ವಸ್ತುವಿನ ಹೆಸರನ್ನು ಮೊದಲು ಕಲಿತಿದ್ದಳು. ನಡುಮನೆಯ ಕತ್ತಲೆಯಿಂದ ಆಕೆಯ ದನಿ ಬಂತು, ಏರಿಸದ ದನಿ.

"ಮೂಗು ನಂದು ಹಳೇದಾಗೇದ, ಅದಕ್ಕ ಭ್ರಮಾ ಅಂದ್ಕೊಂಡಿದ್ದೆ. ಅವರಿಗೂ ಬಂತಲ್ಲ."

"ಅಜ್ಜಿ, ಅದು ಬೆಳ್ಳೊಳ್ಳಿ ಅಲ್ಲ. ಗ್ಯಾಸು. ನಾ ಮಾಡಿದ್ದು. ಕಲ್ಲಿಗೆ ನೀರ ಹಾಕಿದ್ರ ಬರ್ತದ," ಎಂದೆ.

"ಕಲ್ಲಿಗೆ ನೀರ ಹಾಕಿದ್ರ ಬೆಳ್ಳೊಳ್ಳಿ ವಾಸನಿ ಬರ್ತದ?"

"ಹೂಂ."

"ದಿನಾ ಒರಳಕಲ್ಲ ತೊಳೀತಾಳ ನಿಮ್ಮವ್ವ. ಒಮ್ಮೆನೂ ಬಂದಿಲ್ಲಲ್ಲೋ ಖೋಡಿ. ತಾಯೀನ ಉಳಸಲಿಕ್ಕೆ ಸುಳ್ಳ ಹೇಳೋ ಮಗಾ ಇದ್ದೀ, ಚಲೋನ. ಆದ್ರ ಸುಳ್ಳರೆ ನೆಟ್ಟಗ ಹೇಳು."

ಅಪ್ಪನೂ ಹೇಳಿದ. ಅಜ್ಜಿ ಅವನ ಮಾತನ್ನೂ ಗಂಡನ ಕರ್ತವ್ಯದ ಖಾತೆಗೆ ಹಾಕಿದಳು. ಅವ್ವ ಆರಿದ ಒಲೆಯ ಮುಂದೆ ಕೂತು, ಒದ್ದೆಯಾದ ಸೌದೆಯನ್ನು ಒಂದೊಂದಾಗಿ ಬದಿಗೆ ಸರಿಸುತ್ತಿದ್ದಳು. ಇಷ್ಟು ವರ್ಷ ಬಾಯಲ್ಲಿಡದೆ ಬದುಕಿದ ಒಂದು ವಸ್ತುವಿಗಾಗಿ ಆ ದಿನ ಸಿಕ್ಕಿಬಿದ್ದಿದ್ದಳು.

ಮರುದಿನ ಅಜ್ಜಿ ಒಲೆ ಬೇರೆ ಹೂಡಿದಳು. ನಡುಮನೆಯ ಮೂಲೆಯಲ್ಲಿ ಒಂದು ಇದ್ದಿಲ ಶೇಗಡಿ, ಒಂದು ತಪ್ಪೇಲಿ, ಒಂದು ತಂಬಿಗೆ. ಅವ್ವ ಮುಟ್ಟಿದ ಅಡಿಗೆ ಬೇಡ. ಅಷ್ಟರಲ್ಲೇ ಧಾರವಾಡದ ಸಂಬಂಧಿಕ ಗುಂಡಪ್ಪ ಮಾವ ಜೇಜುರಿಯ ಖಂಡೋಬನ ದರ್ಶನಕ್ಕೆ ಹೊರಟವನು ನಮ್ಮಲ್ಲಿ ಇಳಿದ. ಅಜ್ಜಿ ಅವನಿಗೆ ಹೇಳಿಬಿಟ್ಟಳು.

"ದೇವರ ದರ್ಶನಾ ಮುಗಿಸ್ಕೊಂಡ ಬಾ. ಹೋಗೋವಾಗ ನಂದೂ ಟಿಕೀಟ ತಗಿ. ಇನ್ನ ನಂಗ ಈ ಊರ ಸಾಕು."

ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂತು. ಅಜ್ಜಿ ಹೋದರೆ ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಧಾರವಾಡಕ್ಕೆ ಹೋಗಿ ಆಕೆ ಕಾರಣ ಹೇಳುತ್ತಾಳೆ, ಆ ಕಾರಣ ಅಲ್ಲಿಂದ ಬೆಳಗಾವಿಗೆ ಹೋಗುತ್ತದೆ, ಅವ್ವನ ತವರಿನ ಪಡಸಾಲೆಯಲ್ಲಿ ಕೂಡುತ್ತದೆ, ಇದೂ ಗೊತ್ತಿತ್ತು. ಆ ಎರಡು ದಿನ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ನಾನು ತಿನ್ನಬೇಕಾಗಿದ್ದ ಬೈಗುಳ ತಿನ್ನದೆ ಉಳಿದು, ಅಜೀರ್ಣವಾದಂತೆ ಆಗಿತ್ತು. ಒಂದು ಸಂಗತಿ ಮಾತ್ರ ನೋಡಿದೆ. ರೇಷನ್ನಿನ ಅಕ್ಕಿ ಆಗ ಅರ್ಧ ಹಳ್ಳು. ಅಜ್ಜಿಯ ಕಣ್ಣಿಗೆ ಅಕ್ಕಿಗೂ ಸಣ್ಣ ಕಲ್ಲಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಜ್ಜಿ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಅವ್ವ ನಡುಮನೆಗೆ ಬಂದು, ಆಕೆಯ ಬುಟ್ಟಿಯ ಅಕ್ಕಿಯನ್ನು ಮೊರಕ್ಕೆ ಸುರುವಿ ಮುಂದಿನ ಕೋಣೆಯ ಕಿಟಕಿಯ ಬೆಳಕಿಗೆ ಒಯ್ದು, ಹಳ್ಳು ಆರಿಸಿ, ಮತ್ತೆ ಇದ್ದ ಹಾಗೆ ಬುಟ್ಟಿಯಲ್ಲಿ ಹಾಕಿ ಮುಚ್ಚಳ ಇಡುತ್ತಿದ್ದಳು. ನಾನು ನೋಡಿದ್ದು ಕಂಡು, ಬಾಯಿಯ ಮೇಲೆ ಬೆರಳಿಟ್ಟಳು.

ನನ್ನ ತಪ್ಪು ನನಗೆ ಸಿಕ್ಕದ್ದು ಕಾಲೇಜಿನಲ್ಲಿ. ಆ ದಿನ ಜಾಣ ಹುಡುಗನಿಗೆ ಜ್ವರ. ಗತಿಯಿಲ್ಲದೆ ನಾನೇ ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ತೂಕದ ಪೆಟ್ಟಿಗೆ ತೆರೆದು, ಚಿಮಟಿಗೆಯಿಂದ ಒಂದು ಗ್ರಾಂ ಎತ್ತಿದೆ. ಅದು ಮೂಗುತಿಯಷ್ಟಿತ್ತು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಅಂಗಡಿಯವನ ತಕ್ಕಡಿಯಲ್ಲಿ ಕುಳಿತಿದ್ದ ತೊಲೆಯ ಬಟ್ಟುಗಳು ನೆನಪಾದವು. ಒಂದು ತೊಲೆಗೆ ಹತ್ತಿರಹತ್ತಿರ ಹನ್ನೆರಡು ಗ್ರಾಂ. ಎಂದರೆ ನಾನು ಒಂದು ಬಕೀಟು ಗ್ಯಾಸು ಬೇಡಿ, ಹನ್ನೆರಡು ಬಕೀಟು ಗ್ಯಾಸನ್ನು ಒಂದೇ ಹಂಡೆಯಲ್ಲಿ ಹುಟ್ಟಿಸಿದ್ದೆ. ಎಲ್ಲರ ಮುಂದೆ ಜೋರಾಗಿ ನಕ್ಕುಬಿಟ್ಟೆ. ಪ್ರೊಫೆಸರರು ಏನೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಬಕೀಟಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿಸಿ ಮುಳುಗಿಸು, ಮೊದಲ ಗ್ಯಾಸು ಹೊರಗೆ ಬಿಡು, ದೀಪವನ್ನು ಹಂಡೆಯಿಂದ ದೂರ ಇಡು, ಕೊಳವೆ ಉದ್ದ ಮಾಡು ಎಂದು ನಾಲ್ಕು ಮಾತು ಹೇಳಿದರು. ಬೆಳ್ಳುಳ್ಳಿಯ ವಾಸನೆ ಕಾರ್ಬೈಡಿನಲ್ಲಿರುವ ಬೇರೊಂದು ಕಶ್ಮಲದ್ದು, ಗ್ಯಾಸು ಪೂರ್ತಿ ಉರಿದರೆ ಅದು ಬರುವುದಿಲ್ಲ ಎಂದೂ ಹೇಳಿದರು. ಈ ಸಲ ನಾನು ಕಾಗೆಗಳತ್ತ ನೋಡಲಿಲ್ಲ.

ಮನೆಗೆ ಬಂದು ಅಜ್ಜಿಯ ಟ್ರಂಕಿನ ಮೇಲೆ ಕುಳಿತೆ. ಗುಂಡಪ್ಪ ಮಾವ ಬರುವುದು ಮರುದಿನ ಬೆಳಿಗ್ಗೆ.

"ಏಳೋ, ತಗಡ ಬಗ್ತದ."

"ಅಜ್ಜಿ, ಪುಸ್ತಕದಾಗ ಎಷ್ಟ ಅಧ್ಯಾಯ ಉಳದಾವ?"

"ಒಂದು. ಕಡೀದು."

"ಅದನ್ನ ಇಲ್ಲೇ ಓದಿ ಹೋಗು. ಅರ್ಧಾ ತಾಸ ಬೆಳಕ ಕೊಡತೀನಿ. ಧಾರವಾಡದಾಗ ನಿಂಗ ಯಾರ ಕೊಡತಾರ?"

ಅಜ್ಜಿ ಪುಸ್ತಕದ ಕೆಂಪು ರಟ್ಟು ಸವರಿದಳು. ಪುಸ್ತಕದ ಆಸೆಯನ್ನೂ ಹಟವನ್ನೂ ತಕ್ಕಡಿಯ ಎರಡು ಪರಡಿಯಲ್ಲಿಟ್ಟು ತೂಗುತ್ತಿದ್ದಳೆಂದು ಕಾಣುತ್ತದೆ.

"ಅರ್ಧಾ ತಾಸ ಅಂದ್ರ ಅರ್ಧಾ ತಾಸ. ಆಮ್ಯಾಲೆ ಮತ್ತ ವಾಡೇದಾಗ ಓಡ್ಯಾಡಬಾರದು ನೀನು."

ಸಂಜೆ, ಹೊರಗಿನ ಕಟ್ಟೆಯ ಮೇಲೆ ಹಂಡೆ. ಈ ಸಲ ಒಲೆಯನ್ನೂ ಕಂದೀಲುಗಳನ್ನೂ ಮೊದಲೇ ಆರಿಸಿಟ್ಟಿದ್ದೆವು. ನಾನಾ ಅವರೂ ಬಂದರು, ತಮ್ಮ ವಾಡೆಯ ಜೀವ ಉಳಿಸಿಕೊಳ್ಳಲು. ಕೈಯಲ್ಲಿ ಕಿಸೆಯ ಗಡಿಯಾರ. ಲೆಕ್ಕ ಹಾಕುವ ಹುಡುಗನ ಲೆಕ್ಕ ತಾವೇ ನೋಡುತ್ತೇವೆಂದು ನಡುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೂವತ್ತೆರಡು ಗ್ರಾಂ, ಎಂದರೆ ಮೂರು ತೊಲೆಗೂ ತುಸು ಕಡಿಮೆ, ಅಷ್ಟನ್ನೇ ಗಂಟು ಕಟ್ಟಿದೆ. ಅದಕ್ಕೂ ಮೊದಲು, ಕಡಲೆಯಷ್ಟು ದೊಡ್ಡ ಒಂದು ಚೂರನ್ನು ಅಜ್ಜಿಯ ಅಂಗೈ ಮೇಲೆ ಇಟ್ಟೆ. ಆಕೆ ಅದನ್ನು ಬೆರಳಿನಿಂದ ತಿರುವಿ ನೋಡಿದಳು. ಕಲ್ಲೇ. ಅದನ್ನು ಕಟ್ಟೆಯ ಮೇಲೆ ಒಂದು ಒಡೆದ ಬಟ್ಟಲಿನ ನೀರಿಗೆ ಹಾಕಿದೆ. ಅದು ಸುಂಯ್ ಎಂದು ಕುದಿಯಿತು. ಅಜ್ಜಿ ಬಗ್ಗಿದಳು, ತಟ್ಟನೆ ಹಿಂದೆ ಸರಿದು ಸೆರಗು ಮೂಗಿಗೆ ಹಿಡಿದಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಅತ್ತ ನೋಡಲಿಲ್ಲ. ಒಳಗೆ ಹೋಗಿ ಪುಸ್ತಕದ ಮುಂದೆ ಕುಳಿತಳು. ನನಗೆ ನಿರಾಶೆಯಾಯಿತು. ಕಾಲೇಜಿನಲ್ಲಿ ಉತ್ತರ ಸರಿ ಬಂದರೆ ಒಂದು ಗೀಟನ್ನಾದರೂ ಎಳೆಯುತ್ತಾರೆ.

ಗಂಟನ್ನು ತಳ್ಳಿದೆ. ಬಕೀಟು ಎದ್ದಿತು, ಮತ್ತು ನಿಂತಿತು. ಗುಂಡುಕಲ್ಲು ನೆಟ್ಟಗೆ ಕುಳಿತಿತ್ತು. ಮೊದಲ ಗ್ಯಾಸನ್ನು ಅಂಗಳದ ಮಳೆಗಾಳಿಗೆ ಬಿಟ್ಟು, ಉದ್ದ ಕೊಳವೆಯ ಇನ್ನೊಂದು ತುದಿಗೆ ಕಡ್ಡಿ ಗೀರಿದೆ. ನಡುಮನೆ ಹುಟ್ಟಿದಂದಿನಿಂದ ಅಂಥ ಬೆಳಕು ನೋಡಿರಲಿಲ್ಲ. ಗೋಡೆಯ ಮೇಲೆ ನಾವು ಮೊಳೆ ಹೊಡೆದ ತೂತುಗಳೆಲ್ಲ ಕಂಡವು. ನಾನಾ ತಮ್ಮ ಗೋಡೆಯ ಸ್ಥಿತಿ ನೋಡಿ ಕೆಮ್ಮಿದರು. ಅಜ್ಜಿ ಪುಸ್ತಕವನ್ನು ವಾರೆ ಮಾಡದೆ, ತೊಡೆಯ ಮೇಲೆ ಸಮನಾಗಿ ಇಟ್ಟುಕೊಂಡು ಓದತೊಡಗಿದಳು. ಮೊದಲು ತಡವರಿಸಿ, ಆಮೇಲೆ ರಾಗವಾಗಿ. ಅಪ್ಪ ಕಚೇರಿಯ ಕಾಗದ ಬಿಟ್ಟು ಬಂದು ಗೋಡೆಗೆ ಒರಗಿ ಕುಳಿತ. ಅವ್ವ ಹೊಸ್ತಿಲ ಆಚೆಯೇ ಕುಳಿತಳು. ಕಡೆಯ ಶ್ಲೋಕ ಮುಗಿಯುವುದಕ್ಕೂ ನಾನಾ ಗಡಿಯಾರದ ಮುಚ್ಚಳ ಬಡಿಯುವುದಕ್ಕೂ ಸರಿಹೋಯಿತು.

"ವೇಳ ಸಂಪಲೀ," ಎಂದರು. ಹೊತ್ತು ಮುಗಿಯಿತು ಎಂದು.

ಅಜ್ಜಿ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡಳು. ನಾವೆಲ್ಲ ದೀಪದತ್ತ ನೋಡಿದೆವು. ದೀಪ ಉರಿಯುತ್ತಲೇ ಇತ್ತು. ನಾನಾ ಮತ್ತೆ ಗಡಿಯಾರ ನೋಡಿ, ಹುಡುಗನ ಲೆಕ್ಕ ಈ ಸಲವೂ ತಪ್ಪಿತು, ಆದರೆ ವಾಡೆ ಉಳಿಯಿತು ಎಂದು ತೀರ್ಪು ಕೊಟ್ಟು, ಖುಷಿಯಿಂದ ಕೊಡೆ ತೆಗೆದುಕೊಂಡು ಹೋದರು. ನಾನು ದೀಪದ ಮುಂದೆ ಬಾಯಿ ತೆರೆದು ನಿಂತಿದ್ದೆ. ಸೊನ್ನೆ ಡಿಗ್ರಿಯ ಚಳಿಯ ಲೆಕ್ಕವನ್ನು ಪುಣೆಯ ಬೆಚ್ಚಗಿನ ಕಟ್ಟೆಗೆ ಹಚ್ಚಿದ್ದೆ, ಗ್ಯಾಸು ಹಿಗ್ಗಿತ್ತು, ಮೂರ್ನಾಲ್ಕು ನಿಮಿಷದಷ್ಟು ಬೆಳಕು ಲೆಕ್ಕದ ಹೊರಗೆ ಉಳಿದಿತ್ತು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಓದುವುದಕ್ಕೆ ಏನೂ ಉಳಿದಿರಲಿಲ್ಲ. ಅಷ್ಟು ಬೆಳಕಿನಲ್ಲಿ ಸುಮ್ಮನೆ ಕುಳಿತು ಅಭ್ಯಾಸವಿರದ ನಾವು ಒಬ್ಬರ ಮುಖ ಒಬ್ಬರು ನೋಡುವುದಾಯಿತು.

ಅಜ್ಜಿ ಹೊಸ್ತಿಲತ್ತ ತಿರುಗಿದಳು.

"ಸೀತಾ, ನೀ ಭಾಳ ಸೊರಗೀಯಲ್ಲ."

ಅವ್ವ ತಲೆ ತಗ್ಗಿಸಿದಳು.

"ಎರಡ ದಿನದಿಂದ ನನ್ನ ಅನ್ನದಾಗ ಒಂದೂ ಹಳ್ಳು ಸಿಕ್ಕಿಲ್ಲ. ಅಕ್ಕಿ ಯಾರ ಆರಿಸಿದ್ರು?"

ನಾನು ಬಾಯಿ ತೆರೆದೆ, ಅಪ್ಪ ನನ್ನ ಮೊಳಕಾಲು ಒತ್ತಿದ.

"ಒಂದ ಕೇಳತೀನಿ," ಎಂದಳು ಅಜ್ಜಿ. "ಬೆಳ್ಳೊಳ್ಳಿ ಖರೇನ ಹಿಂಗ ನಾರತದೇನು? ನಾ ದೂರದಿಂದನ ಓಡಿ ಹೋದಾಕಿ, ಒಮ್ಮೆನೂ ಹತ್ರ ಹೋಗಿಲ್ಲ."

"ಹಸೀದು ಹಿಂಗ ಇರ್ತದರಿ. ಎಣ್ಣ್ಯಾಗ ಬಿದ್ದಮ್ಯಾಲೆ ಬ್ಯಾರೆ."

"ಬ್ಯಾರೆ ಅಂದ್ರ?"

ಅವ್ವ ದೀಪವನ್ನು ನೋಡುತ್ತ, ನನಗೆ ಗೊತ್ತಿರದ ಒಂದು ದನಿಯಲ್ಲಿ ಹೇಳಿದಳು.

"ಹಿಂಗ ಮಳಿ ಹಿಡದಾಗ ನಮ್ಮವ್ವ ಕೆಂಪ ಚಟ್ನಿ ಕುಟ್ಟತಿದ್ಲರಿ. ಶೇಂಗಾ, ಒಣಾ ಮೆಣಸಿನಕಾಯಿ, ಮತ್ತ ಅದು. ವಾಸನಿ ಬಂತಂದ್ರ ನಾವು ಎಲ್ಲೆ ಆಡ್ಲಿಕ್ಕತ್ತಿದ್ರೂ ಬಂದ ಒಲಿ ಮುಂದ ಕೂಡತಿದ್ವಿ. ಆಕಿ ರೊಟ್ಟಿ ಮ್ಯಾಲೆ ಒಂದ ಬೆರಳ ಚಟ್ನಿ ಹಚ್ಚಿ ಕೈಯಾಗ ಕೊಡತಿದ್ಲು. ತಾಟ ಇಲ್ಲ, ಏನಿಲ್ಲ."

"ನೆನಪ ಆಗ್ತದೇನು?"

"ಆಗ್ತದರಿ."

"ಚಟ್ನಿ?"

"ಚಟ್ನಿ ಅಲ್ಲರಿ. ಅವ್ವ."

"ಇಷ್ಟ ವರ್ಷ ಒಮ್ಮೆನೂ ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲರಿ."

ದೀಪ ಒಮ್ಮೆ ಕುಣಿಯಿತು, ನೀಲಿಯಾಯಿತು, ಮೂತಿಯ ತುದಿಗೆ ಇಳಿದು ಆರಿತು. ಹೊರಗೆ ಕಟ್ಟೆಯ ಮೇಲೆ ಬಕೀಟು ಹಂಡೆಯ ತಳ ಮುಟ್ಟಿದ ಸಪ್ಪಳ ಕೇಳಿಸಿತು. ಕಣ್ಣಿಗೆ ಆ ಬೆಳ್ಳಗಿನ ಬೆಳಕು ಅಂಟಿಕೊಂಡದ್ದರಿಂದ ಕತ್ತಲೆ ಮೊದಲಿಗಿಂತ ಗಟ್ಟಿಯಾಗಿತ್ತು. ಯಾರೂ ಏಳಲಿಲ್ಲ. ಅಜ್ಜಿಯ ಬಳೆಯಿಲ್ಲದ ಕೈ ಚಾಪೆಯ ಮೇಲೆ ಸರಿದದ್ದು ಕೇಳಿಸಿತು, ಆಮೇಲೆ ದನಿ.

"ಸೀತಾ, ನಾಳೆ ಗುಂಡಪ್ಪ ಬರ್ತಾನ. ಅವಂಗ ಹೊಟ್ಟಿ ತುಂಬ ಊಟಾ ಹಾಕಿ ಕಳಸು, ಒಬ್ಬಾಂವನ್ನ. ನಂಗ ಹಳ್ಳು ಕಾಣಸೂದಿಲ್ಲ. ಕಾಣಸೂದ ಬಿಟ್ಟು ಭಾಳ ದಿವಸ ಆತು. ಆ ನನ್ನ ಅಕ್ಕಿ ನಿಮ್ಮ ಅಕ್ಕ್ಯಾಗ ಹಾಕಿಬಿಡು."

ಅವ್ವ ಬೆಳಗಾಗುವವರೆಗೆ ಕಾಯಲಿಲ್ಲ. ಕತ್ತಲೆಯಲ್ಲೇ ಎದ್ದು, ಗೋಡೆ ಹಿಡಿಯದೆ, ಮೂಲೆಯ ಬುಟ್ಟಿಯವರೆಗೆ ಹೋದಳು. ನನ್ನನ್ನು ದಾಟಿ ಅಡಿಗೆಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಪಾತ್ರೆಯ ಅಕ್ಕಿ ಇನ್ನೊಂದು ಪಾತ್ರೆಗೆ ಸುರಿಯುವ ಸಪ್ಪಳ ಬಂತು, ಸಣ್ಣ ಮಳೆಯ ಹಾಗೆ, ಮತ್ತು ನಾವು ಮೂವರೂ ಅದು ಮುಗಿಯುವ ತನಕ ಕೇಳುತ್ತ ಕುಳಿತೆವು.